ಭಯವೂ ಭಕ್ತಿಯೂ

ಪ್ರತಿ ವರುಷವೂ ಶಾಲೆ ತೆರೆಯುವ ವಾರದಲ್ಲಿ ತಂದೆತಾಯಿಗಳು ತಮ್ಮ ಹೆಣ್ಣುಮಕ್ಕಳನ್ನು ಕರಕೊಂಡು ನಮ್ಮ ಕಚೇರಿಗೆ ಬರುತ್ತಾರೆ. ಲೆಕ್ಕ, ಇಂಗ್ಲಿಷು, ಹೊಲಿಗೆ ಇವುಗಳ ಮಾತೆಲ್ಲ ಮುಗಿದು ಎದ್ದುನಿಂತ ಮೇಲೆ, ಬಾಗಿಲ ಬಳಿಯಲ್ಲಿ ಒಂದು ಮಾತು ಬರುವದುಂಟು: "ಅಮ್ಮನವರೇ, ಇವಳಿಗೆ ಸ್ವಲ್ಪ ದೇವರ ಭಯವನ್ನು ಕಲಿಸಿರಿ. ಮನೆಯಲ್ಲಿ ಯಾರ ಮಾತನ್ನೂ ಕೇಳಳು." ಹೀಗೆ ಕೇಳುವವರಲ್ಲಿ ಕ್ರೈಸ್ತರೂ ಉಂಟು, ಹಿಂದುಗಳೂ ಮುಸಲ್ಮಾನರೂ ಉಂಟು. ನಾವು ಆಗಲೆಂದು ತಲೆಯಾಡಿಸುತ್ತೇವೆ. ಆದರೆ ಅವರು ಕೇಳಿದ್ದು ದೇವರ ಭಯವನ್ನೋ, ದೇವರ ಹೆಸರಿನಲ್ಲಿ ತಮ್ಮ ಭಯವನ್ನೋ ಎಂಬ ಸಂದೇಹವು ಇತ್ತೀಚೆಗೆ ನಮ್ಮನ್ನು ಬಿಡದೆ ಕಾಡುತ್ತಿದೆ.

ಕನ್ನಡದಲ್ಲಿ ಭಯಭಕ್ತಿ ಎಂಬ ಒಳ್ಳೆಯ ಮಾತುಂಟು. ನಮ್ಮ ಹಿರಿಯರು ಈ ಎರಡು ಪದಗಳನ್ನು ಒಂದಾಗಿ ಕಟ್ಟಿಯೇ ಆಡಿದರು. ನಾವಾದರೋ ಮಕ್ಕಳನ್ನು ಬೆಳೆಸುವಾಗ ಮೊದಲನೆಯದನ್ನು ಕೈಯಲ್ಲಿಟ್ಟುಕೊಂಡು ಎರಡನೆಯದನ್ನು ಭಾನುವಾರಕ್ಕೆಂದು ಎತ್ತಿಡುತ್ತೇವೆ. ಮಗು ಸಕ್ಕರೆಯ ಡಬ್ಬಿಗೆ ಕೈಹಾಕಿದರೆ ದೇವರು ನೋಡುತ್ತಾನೆ ಎನ್ನುತ್ತೇವೆ. ಸುಳ್ಳಾಡಿದರೆ ದೇವರು ಕಣ್ಣು ಕೀಳುತ್ತಾನೆ ಎನ್ನುತ್ತೇವೆ. ಅದೇ ಮಗು ತನ್ನ ಪಾಲಿನ ಬೆಲ್ಲವನ್ನು ತಂಗಿಗೆ ಕೊಟ್ಟಾಗ, ಇದನ್ನೂ ದೇವರು ನೋಡಿದನು ಎಂದ ತಾಯಿಯನ್ನು ನಾವು ಕಂಡದ್ದು ಅಪರೂಪ. ಗುಮ್ಮನಿಗೂ ದೇವರಿಗೂ ಭೇದವೇನೆಂದು ಆ ಕೂಸು ಹೇಗೆ ತಿಳಿದೀತು? ಗುಮ್ಮನನ್ನು ಮನೆಯೊಳಕ್ಕೆ ಬಾ ಎಂದು ಕರೆಯುವವರು ಯಾರು?

ಭಯವೇ ಬೇಡವೆಂಬದು ನಮ್ಮ ಅಭಿಪ್ರಾಯವಲ್ಲ. ಕೀರ್ತನೆಯ ಪುಸ್ತಕದಿಂದ ಗಾಳಿ ಬೀಸಿಕೊಳ್ಳುತ್ತಾ, ಪಕ್ಕದವಳ ಸೀರೆಯ ಅಂಚನ್ನು ಲೆಕ್ಕಹಾಕುತ್ತಾ ಪ್ರಾರ್ಥನೆಯಲ್ಲಿ ಕುಳ್ಳಿರುವ ಸಲಿಗೆಯನ್ನು ನಾವು ಮೆಚ್ಚುವವರಲ್ಲ. ಆದರೆ ಬಾಣಂತಿಯ ಕೋಣೆಯಲ್ಲಿ ಹಸುಗೂಸನ್ನು ಮೊದಲ ಸಾರಿ ಕೈಗೆ ತಕ್ಕೊಂಡ ಹುಡುಗಿಯನ್ನು ನೋಡಿರಿ. ಅವಳ ಕೈ ನಡುಗುತ್ತದೆ, ಉಸಿರನ್ನೇ ಬಿಗಿಹಿಡಿಯುತ್ತಾಳೆ. ಅದು ಪೆಟ್ಟಿನ ಅಂಜಿಕೆಯಲ್ಲ. ಕೂಸನ್ನು ತಿರುಗಿ ಕೊಟ್ಟುಬಿಡುವ ಮನಸ್ಸೂ ಅವಳಿಗೆ ಇರುವದಿಲ್ಲ. ಭಯಭಕ್ತಿ ಎಂದು ನಾವು ಹೇಳುವದು ಇದನ್ನೇ.

ಕ್ರೈಸ್ತರ ಮನೆಗಳ ಗೋಡೆಯಲ್ಲಿ, ಕ್ರಿಸ್ತನು ಈ ಮನೆಗೆ ಯಜಮಾನನೆಂದೂ ಪ್ರತಿಯೊಂದು ಊಟಕ್ಕೆ ಕಾಣದ ಅತಿಥಿಯೆಂದೂ ಸಾರುವ ಬರಹವನ್ನು ಚೌಕಟ್ಟಿನಲ್ಲಿ ತೂಗಹಾಕಿದ್ದನ್ನು ನೀವು ನೋಡಿರಬೇಕು. ಅದು ಇರುವದು ಪಡಸಾಲೆಯಲ್ಲಿ. ಅಡಿಗೆಮನೆಯಲ್ಲಿ ತೂಗಹಾಕಿದ್ದನ್ನು ನಾವು ಒಂದೆರಡು ಕಡೆ ಮಾತ್ರ ಕಂಡಿದ್ದೇವೆ. (ಹೊಗೆಗೆ ಗಾಜು ಕಪ್ಪಾಗುವದೆಂಬ ಉತ್ತರವೂ ನಮಗೆ ಸಿಕ್ಕಿದೆ.) ಅತಿಥಿಯನ್ನು ಹೊರಗೆ ಕುಳ್ಳಿರಿಸಿ ಸವಿಮಾತಾಡಿ, ಒಳಗೆ ಹೋಗಿ ಪಾತ್ರೆ ತೊಳೆಯುವವಳ ಮೇಲೆ ಹರಿಹಾಯ್ದರೆ ಆತನ ಕಿವಿಗೆ ಬೀಳದೆ ಇದ್ದೀತೇ? ಲೂಕನ ಸುವಾರ್ತೆಯ ಕೊನೆಯ ಅಧ್ಯಾಯದಲ್ಲಿ ಎಮ್ಮಾಹುವಿನ ದಾರಿಯ ಶಿಷ್ಯರಿಬ್ಬರು, ಜೊತೆಗೆ ನಡೆದುಬಂದ ಅಪರಿಚಿತನನ್ನು ಹೊತ್ತು ಇಳಿಯಿತೆಂದು ಬಲವಂತಮಾಡಿ ತಮ್ಮೊಡನೆ ಉಳಿಸಿಕೊಂಡರು. ಆತನು ಮುಂದಕ್ಕೆ ಹೋಗುವವನಂತೆಯೇ ಇದ್ದನು. ಕರೆಯದಿದ್ದರೆ ಹೋಗಿಯೇಬಿಡುತ್ತಿದ್ದನೋ ಏನೋ. ಊಟಕ್ಕೆ ಕೂತಾಗ ರೊಟ್ಟಿಯನ್ನು ತೆಗೆದುಕೊಂಡು ಸ್ತೋತ್ರಮಾಡಿ ಮುರಿದುಕೊಟ್ಟವನು ಆತನೇ. ಅದು ಮನೆಯವನು ಮಾಡತಕ್ಕ ಕೆಲಸ. ಅತಿಥಿಯಾಗಿ ಒಳಗೆ ಬಂದಾತನು ಊಟದ ಹೊತ್ತಿಗೆ ಯಜಮಾನನಾದನು, ಆಗಲೇ ಅವರಿಗೆ ಆತನ ಗುರುತು ಹತ್ತಿತು.

ನಮ್ಮ ಸಭೆಯವನಲ್ಲದಿದ್ದರೂ ನಾವು ಬಹಳವಾಗಿ ಮೆಚ್ಚುವ ಒಬ್ಬ ಅಡಿಗೆಯವನುಂಟು. ಫ್ರಾನ್ಸಿನಲ್ಲಿ ಸಹೋದರ ಲಾರೆನ್ಸನೆಂದು ಪ್ರಸಿದ್ಧನಾದ ಆತನ ಮೊದಲ ಹೆಸರು ನಿಕೋಲಾಸ್ ಹರ್ಮನ್. ಸಿಪಾಯಿಯಾಗಿದ್ದು ಯುದ್ಧದಲ್ಲಿ ಗಾಯಪಟ್ಟು ಕುಂಟನಾದನು. ಮತ್ತೊಬ್ಬರ ಮನೆಯಲ್ಲಿ ಸೇವಕನಾಗಿದ್ದಾಗ ಕೈಗೆ ಸಿಕ್ಕಿದ್ದನ್ನೆಲ್ಲ ಒಡೆಯುವ ಒಡ್ಡನಾಗಿದ್ದೆನೆಂದು ತಾನೇ ಹೇಳಿಕೊಂಡಿದ್ದಾನೆ. ೧೬೪೦ರಲ್ಲಿ ಪ್ಯಾರಿಸಿನ ಕಾರ್ಮೆಲ್ ಮಠವನ್ನು ಸೇರಿದಾಗ ಆತನಿಗೆ ದೊರೆತದ್ದು ಅಡಿಗೆಯ ಕೆಲಸ. ಸ್ವಭಾವತಃ ಅದರಲ್ಲಿ ಆತನಿಗೆ ಬೇಸರವೇ. ಆದರೂ ಸುಮಾರು ಹದಿನೈದು ವರುಷ ಅಲ್ಲಿಯೇ ಇದ್ದನು. ಬೋಗುಣಿಗಳ ಸದ್ದಿನಲ್ಲಿಯೂ ಹತ್ತು ಮಂದಿ ಹತ್ತು ಕೆಲಸಕ್ಕೆ ಕೂಗುವಾಗಲೂ, ಮೊಣಕಾಲೂರಿದ ಹೊತ್ತಿನಂತೆಯೇ ದೇವರೊಡನೆ ಇರುವದನ್ನು ಅಭ್ಯಾಸಮಾಡಿಕೊಂಡನು. ಒಂದೇ ದಿನದಲ್ಲಿ ಅಲ್ಲ. ಮನಸ್ಸು ಮತ್ತೆ ಮತ್ತೆ ಓಡಿಹೋಗುತ್ತಿತ್ತು, ಮತ್ತೆ ಮತ್ತೆ ಕರೆತರುತ್ತಿದ್ದನು. ೧೬೯೧ರಲ್ಲಿ ಆತನು ತೀರಿಕೊಂಡ ಮೇಲೆ ಪರಿಚಿತರೊಬ್ಬರು ಆತನ ಕಾಗದಗಳನ್ನೂ ಸಂಭಾಷಣೆಗಳನ್ನೂ ಕೂಡಿಸಿ ಅಚ್ಚುಹಾಕಿಸದೆ ಇದ್ದರೆ ಆ ಅಡಿಗೆಯವನ ಹೆಸರು ನಮಗೆ ತಿಳಿಯುತ್ತಿರಲಿಲ್ಲ.

ಅಷ್ಟು ದೂರ ಹೋಗಬೇಕೆಂದೂ ಇಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಲ್ಲಿದ್ದ ಆಯ್ದಕ್ಕಿ ಲಕ್ಕಮ್ಮನ ಕಥೆಯು ಕನ್ನಡದ ಹೆಣ್ಣುಮಕ್ಕಳಿಗೆಲ್ಲ ಪರಿಚಿತವಾಗಿರತಕ್ಕದ್ದು. ಗಂಡನಾದ ಮಾರಯ್ಯನು ನೆಲದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುತ್ತಿದ್ದನು. ಒಂದು ದಿನ ಎಂದಿಗಿಂತ ಹೆಚ್ಚಾಗಿ ತಂದನು. ಆಕೆ ಅದನ್ನು ಒಲೆಗೆ ಏರಿಸದೆ, ಇಷ್ಟು ನಮಗೆ ಸಲ್ಲದು, ಎಲ್ಲಿಂದ ತಂದಿರೋ ಅಲ್ಲಿಯೇ ಸುರಿದುಬನ್ನಿರಿ ಎಂದು ಗಂಡನನ್ನು ಹಿಂದಕ್ಕೆ ಕಳುಹಿಸಿದಳು. ಮೊರದಲ್ಲಿನ ಅಕ್ಕಿಯ ಅಳತೆಯಲ್ಲಿಯೂ ದೇವರನ್ನು ಮರೆಯದ ಆ ಗೃಹಿಣಿಗೆ ಭಯವಿತ್ತೋ ಭಕ್ತಿಯಿತ್ತೋ ಎಂದು ಬೇರೆಮಾಡಿ ಹೇಳಬಲ್ಲವರು ಯಾರು?

ಇಷ್ಟನ್ನೆಲ್ಲ ಬರೆಯುವ ನಮ್ಮ ಕೈ ಶುದ್ಧವಾಗಿದೆಯೆಂದು ನೀವು ಭಾವಿಸಬಾರದು. ಬೋರ್ಡಿಂಗಿನಲ್ಲಿ ಸಂಜೆಯ ಪ್ರಾರ್ಥನೆಗೆ ಗಂಟೆ ಬಾರಿಸಿದ ಮೇಲೆ ಬಾಗಿಲು ಹಾಕುವ ಪದ್ಧತಿಯನ್ನು ತಂದವರು ನಾವೇ. ಕೆಲವು ವರುಷಗಳ ಹಿಂದೆ ಎಂಟನೆಯ ತರಗತಿಯ ಒಬ್ಬ ಹುಡುಗಿ, ಕೀರ್ತನೆ ಮುಗಿಯುವ ಹೊತ್ತಿಗೆ, ಲಂಗವೆಲ್ಲ ಒದ್ದೆಮಾಡಿಕೊಂಡು ಓಡುತ್ತಾ ಬಂದಳು. ಬಾವಿಯ ಕಟ್ಟೆಯಲ್ಲಿ ನೀರಾಟವಾಡಿದ್ದಾಳೆಂದು ನಾವು ನಿಶ್ಚಯಿಸಿದೆವು. ದೇವರ ಸನ್ನಿಧಿಗೆ ಹೀಗೆ ಬರುವರೋ ಎಂದು ಎಲ್ಲರೂ ಕೇಳುವಂತೆ ಗದರಿಸಿ, ಪ್ರಾರ್ಥನೆ ಮುಗಿಯುವ ತನಕ ಹೊರಗೆ ನಿಲ್ಲಿಸಿದೆವು. ಅವಳು ಒಂದು ಮಾತನ್ನೂ ಆಡಲಿಲ್ಲ. ಒಳಗೆ ನಾವು, ದೇವರು ನಮ್ಮ ಮಧ್ಯದಲ್ಲಿರಲಿ ಎಂದು ದೀರ್ಘವಾಗಿ ಪ್ರಾರ್ಥಿಸಿದೆವು.

ಮರುದಿನ ಬೆಳಿಗ್ಗೆ ಅಡಿಗೆಯಾಕೆಯ ಕೈಗೆ ಬಟ್ಟೆ ಸುತ್ತಿದ್ದನ್ನು ಕಂಡು ವಿಚಾರಿಸಿದೆವು. ಸಂಜೆ ಅನ್ನ ಬಸಿಯುವಾಗ ಪಾತ್ರೆ ಜಾರಿ ಕುದಿಯುವ ಗಂಜಿ ಮೊಣಕೈಯ ತನಕ ಸುರಿದಿತ್ತು. ಬಾಗಿಲು ಹಾಕುವರೆಂಬ ಭಯದಿಂದ ಉಳಿದ ಮಕ್ಕಳೆಲ್ಲ ಗಂಟೆಗೆ ಓಡಿದರು. ಇವಳೊಬ್ಬಳು ಅರ್ಧ ದಾರಿಯಿಂದ ಹಿಂದಿರುಗಿ, ಬಾವಿಯಿಂದ ನೀರು ಸೇದಿ, ಉರಿ ತಗ್ಗುವ ವರೆಗೂ ಆಕೆಯ ಕೈಗೆ ಹೊಯ್ಯುತ್ತಾ ಕೂತಿದ್ದಳು.

ನಾವು ತರಗತಿಗೆ ಹೋಗಿ ಎಲ್ಲರ ಮುಂದೆ ತಪ್ಪನ್ನು ಒಪ್ಪಿಕೊಳ್ಳಬೇಕಾಗಿತ್ತು. ಹಾಗೆ ಮಾಡಲಿಲ್ಲ. ಹುಡುಗಿಯನ್ನು ಕಚೇರಿಗೆ ಕರೆಯಿಸಿ ಹೇಳಿದೆವು. ಮುಖ್ಯೋಪಾಧ್ಯಾಯಿನಿಯ ಮಾನವು ಅಷ್ಟಕ್ಕೆ ಮಾತ್ರ ಒಪ್ಪಿತು. ಅಂದು ಬಾಕಿ ಉಳಿದದ್ದನ್ನು ಈ ಸಂಚಿಕೆಯಲ್ಲಿ ತೀರಿಸುತ್ತಿದ್ದೇವೆ. ಆ ತರಗತಿಯಲ್ಲಿದ್ದವರು ಓದಿದರೆ, ಅವಳು ಯಾರೆಂಬದನ್ನು ಬಲ್ಲರು. ಬಾಗಿಲು ಹಾಕುವ ಪದ್ಧತಿಯನ್ನು ಆ ವಾರವೇ ಬಿಟ್ಟೆವು.

ಕಳೆದ ಹಳೆಯ ವಿದ್ಯಾರ್ಥಿನಿಯರ ಕೂಟಕ್ಕೆ ಅವಳು ತನ್ನ ಮಗುವನ್ನು ಎತ್ತಿಕೊಂಡು ಬಂದಿದ್ದಳು. ನಾವಾಗಿಯೇ ಆ ಸಂಜೆಯ ಮಾತನ್ನೆತ್ತಿದೆವು. ಹೊರಗೆ ನಿಂತದ್ದು ಅವಳಿಗೆ ಅಷ್ಟಾಗಿ ನೆನಪಿರಲಿಲ್ಲ. "ಅಮ್ಮನವರೇ, ಅಡಿಗೆಯ ಅಕ್ಕ ಈಗ ಎಲ್ಲಿದ್ದಾರೆ? ಕೈಯ ಕಲೆ ಹೋಯಿತೇ?" ಎಂದು ಕೇಳಿದಳು. ಆಕೆ ಕೆಲಸದಿಂದ ನಿವೃತ್ತಳಾಗಿ ಮಗಳ ಊರಿನಲ್ಲಿದ್ದಾಳೆಂದೂ ಕಲೆಯು ಇನ್ನೂ ಇದೆಯೆಂದೂ ಹೇಳಿದೆವು. ಊರಿನ ಹೆಸರನ್ನು ಬರೆಯಿಸಿಕೊಂಡು, ಮಗುವಿಗೆ ತೋರಿಸಬೇಕೆಂದು ಅಡಿಗೆಮನೆಯ ಕಡೆಗೆ ಹೋದಳು.