ಹೊಟ್ಟೆ ಕತ್ತರಿಸಿದ್ದು ಇಂಗ್ಲಿಷಿನಲ್ಲಿ, ಲಿವರ್ ಹೋಗಿದ್ದು ಕನ್ನಡಿಗನದು!

ಕನ್ನಡದ ಯುವಕರೇ, ಇಂಗ್ಲಿಷ್ ಬೋರ್ಡಿಗೆ ಮಸಿ ಬಳಿದರೆ ಕನ್ನಡದ ಕೆಲಸ ಮುಗಿಯಿತು ಎಂದುಕೊಂಡಿದ್ದರೆ ಒಂದು ಗಳಿಗೆ ಇತ್ತ ನೋಡಿ.

2024ರಿಂದೀಚೆಗೆ ಕಾಫಿಗೆ ಕಂಡರಿಯದ ರೇಟು ಬಂತು. ತೂಕ ಇಳಿಸುವ ಆಪರೇಷನ್ನಿಗೆಂದು ಬೆಂಗಳೂರಿಗೋ, ಚಾರ್ಮಾಡಿ ಇಳಿದು ಮಂಗಳೂರಿಗೋ ಹೋಗುವವರು ಮೂಡಿಗೆರೆ, ಕಳಸದ ಕಡೆಯೂ ಇದ್ದಾರೆ. ತಪ್ಪಲ್ಲ. ಸಕ್ಕರೆ ಕಾಯಿಲೆ ಹೊತ್ತ ಭಾರಿ ದೇಹದವರಿಗೆ ಅದು ನಿಜಕ್ಕೂ ವರ. ನಮ್ಮ ತಕರಾರು ಆಪರೇಷನ್ ಮೇಲಲ್ಲ, ಮುಗಿದ ಮೇಲೆ ಕೈಗೆ ಕೊಡುವ ಕಾಗದದ ಮೇಲೆ.

'ಸ್ಲೀವ್' ಎಂಬುದರಲ್ಲಿ ಜಠರದ ಸುಮಾರು ಮುಕ್ಕಾಲು ಪಾಲು ಕತ್ತರಿಸಿ ತೆಗೆಯುತ್ತಾರೆ. 'ಬೈಪಾಸ್'ನಲ್ಲಿ ಮೇಲ್ತುದಿಯಲ್ಲಿ ಮೊಟ್ಟೆಯಷ್ಟು ಚೀಲ ಉಳಿಸಿ ನೇರ ಸಣ್ಣಕರುಳಿಗೆ ಜೋಡಿಸುತ್ತಾರೆ. ಮೊದಲಾದರೆ ಕುಡಿದದ್ದು ಜಠರದಲ್ಲಿ ನಿಂತು ನಿಧಾನಕ್ಕೆ ಇಳಿಯುತ್ತಿತ್ತು. ಈಗ ನಿಲ್ಲಲು ಜಾಗವೆಲ್ಲಿ? ನಿಮಿಷಗಳಲ್ಲಿ ರಕ್ತಕ್ಕೆ ಏರುತ್ತದೆ. ಬೈಪಾಸ್ ಆದ ಹೆಂಗಸರ ಮೇಲೆ ಅಮೆರಿಕದಲ್ಲಿ ನಡೆಸಿ 2015ರಲ್ಲಿ ಪ್ರಕಟಿಸಿದ ಪರೀಕ್ಷೆಯ ಪ್ರಕಾರ ಎರಡು ಪೆಗ್ಗು ನಾಲ್ಕರ ಕೆಲಸ ಮಾಡುತ್ತದೆ! ಅಲ್ಲಿನದೇ 2012ರ ಇನ್ನೊಂದು ಅಧ್ಯಯನ ಸುಮಾರು 2000 ಜನರದು. ಕುಡಿತದ ಕಾಯಿಲೆ ಆಪರೇಷನ್ನಿಗೆ ಮುಂಚೆ ನೂರಕ್ಕೆ 7.6 ಮಂದಿಗೆ ಇದ್ದದ್ದು, ಎರಡನೇ ವರ್ಷಕ್ಕೆ 9.6ಕ್ಕೆ ಏರಿತು. ಮೊದಲ ವರ್ಷ ಏರಲೇ ಇಲ್ಲ. ಮೋಸ ಇರುವುದೇ ಅಲ್ಲಿ.

ಭಾರಿ ದೇಹದವರ ಲಿವರಿಗೆ ಮೊದಲೇ ಕೊಬ್ಬು ಕಟ್ಟಿರುತ್ತದೆ. ಆಮೇಲೆ ಊಟ ಕಮ್ಮಿ, ವಿಟಮಿನ್ ಕಮ್ಮಿ, ಮೇಲಿಂದ ಮದ್ಯ. ಲಿವರ್ ಮೂಕ ಎತ್ತಿನ ಹಾಗೆ ಕೊನೆಯವರೆಗೂ ಎಳೆಯುತ್ತದೆ. ಕಣ್ಣು ಹಳದಿಯಾಗಿ ಹೊಟ್ಟೆಯಲ್ಲಿ ನೀರು ತುಂಬುವ ಹೊತ್ತಿಗೆ ತಡವಾಗಿರುತ್ತದೆ. ಸಣ್ಣಗಾದವನ ಹೊಟ್ಟೆ ಮತ್ತೆ ಉಬ್ಬಿತೆಂದು 'ಊಟ ಜಾಸ್ತಿ ಮಾಡ್ತಿದ್ದೀಯಾ' ಅಂತ ಮನೆಯವರು ಬಯ್ಯುವುದೂ ಉಂಟು.

ನಮ್ಮ ಮಲೆನಾಡಿನಲ್ಲಿ ಕುಡಿತಕ್ಕೆ ನೆಪ ಬೇಕೇ? ಮಳೆ ಹಿಡಿದರೆ ಒಂದು, ಕುಯ್ಲು ಮುಗಿದರೆ ಒಂದು. 2007ರ ಜುಲೈ 1ರಿಂದ ಸರಾಯಿ ನಿಂತಿತು, ಲೈನ್ ಮನೆಗಳಿಗೆ ಅಗ್ಗದ ವಿಸ್ಕಿ ಪ್ಯಾಕೆಟ್ ಬಂತು. (ಲೈನ್ ಮನೆಯವನಿಗೆ ಈ ಆಪರೇಷನ್ನಿನ ದುಡ್ಡೆಲ್ಲಿ? ಅವನ ಲಿವರ್ ಹೋಗುವುದು ಹಸಿದ ಹೊಟ್ಟೆಯಲ್ಲಿ. ಅದಕ್ಕೆ ಬೇರೆಯೇ ಸಂಪಾದಕೀಯ ಬೇಕು.)

ಇದನ್ನೆಲ್ಲ ರೋಗಿಗೆ ಯಾರು ಹೇಳಬೇಕು? ಡಿಸ್ಚಾರ್ಜ್ ಚೀಟಿ ಇಂಗ್ಲಿಷ್. ಒಪ್ಪಿಗೆ ಪತ್ರ ಇಂಗ್ಲಿಷ್. 'ಇಲ್ಲಿ ಸೈನ್ ಮಾಡಿ' ಎನ್ನುವುದಷ್ಟೇ ಕನ್ನಡ! ತಿಳಿದು ಕೊಟ್ಟರೆ ಮಾತ್ರ ಒಪ್ಪಿಗೆ ಎಂದು ಸುಪ್ರೀಂ ಕೋರ್ಟು 2008ರಲ್ಲೇ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಹೇಳಿದೆ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ಸಿದ್ಧಪಡಿಸಿದ ರೋಗಿಗಳ ಹಕ್ಕುಪತ್ರ, ರೋಗಿಗೆ ಗೊತ್ತಿರುವ ಭಾಷೆಯಲ್ಲೇ ವಿವರಿಸಿ ಎನ್ನುತ್ತದೆ. ಕಳಸದ ಅಜ್ಜಿಗೆ ಗೊತ್ತಿರುವ ಭಾಷೆ ಯಾವುದು ಸ್ವಾಮಿ?

ಇನ್ನು ಬಾಟಲಿ. ಕೇಂದ್ರದ 2018ರ ನಿಯಮದಂತೆ ಎಚ್ಚರಿಕೆ ಇಂಗ್ಲಿಷಿನಲ್ಲಿರಬೇಕು, ರಾಜ್ಯ ಬಯಸಿದರೆ ತನ್ನ ಭಾಷೆಯಲ್ಲಿ ಹಾಕಿಸಬಹುದು, ಆಗ ಇಂಗ್ಲಿಷ್ ಬೇಕಿಲ್ಲ. ಅಕ್ಷರದ ಅಳತೆ? 200 ಎಂಎಲ್ ತನಕದ ಬಾಟಲಿಗೆ ಕನಿಷ್ಠ ಒಂದೂವರೆ ಮಿಲಿಮೀಟರ್. ಪ್ರೆಸ್ಸಿನವನಾಗಿ ಹೇಳುತ್ತೇನೆ, ಅದು ಹತ್ತಿರಹತ್ತಿರ ಆರು ಪಾಯಿಂಟು. ಆ ಅಳತೆಯಲ್ಲಿ ಕನ್ನಡದ ಒತ್ತಕ್ಷರ ಮಸಿ ತುಂಬಿ ಮುಚ್ಚಿಹೋಗುತ್ತದೆ. ಅಬಕಾರಿ ಇಲಾಖೆ ಕನ್ನಡವನ್ನು ಕಡ್ಡಾಯ ಮಾಡಲಿ, ಅದೂ ಕಣ್ಣಿಗೆ ಕಾಣುವ ಅಕ್ಷರದಲ್ಲಿ.

ನೀವು ಈ ವಾರವೇ ನಿಮ್ಮೂರಿನ ಆಸ್ಪತ್ರೆಗಳಿಗೆ ಹೋಗಿ ಒಂದೇ ಪುಟ ಕೇಳಿ. ಈ ಆಪರೇಷನ್ ಆದವರು ಕುಡಿದರೆ ಏನಾಗುತ್ತದೆ, ಲಿವರ್ ಪರೀಕ್ಷೆ ಯಾವಾಗ, ಕಣ್ಣು ಹಳದಿಯಾದರೆ ಎಲ್ಲಿಗೆ ಓಡಬೇಕು, ಇಷ್ಟೂ ಕನ್ನಡದಲ್ಲಿ. ಅಚ್ಚಿನ ಖರ್ಚೆಂದು ರಾಗ ಎಳೆದರೆ ನಮ್ಮ ಪ್ರೆಸ್ಸಿಗೆ ಕಳಿಸಿ. ಕಾಗದದ ಕ್ರಯ ಕೊಟ್ಟರೆ ಸಾಕು, ಅಚ್ಚುಕೂಲಿ ನಮ್ಮದು.