ನಕಲಿ ಅಂಕಪಟ್ಟಿಗೆ ನಿವೃತ್ತಿ ಇಲ್ಲ

ಭರತ ಹುಣ್ಣಿಮೆಯ ಜಾತ್ರೆ ಬಂತೆಂದರೆ ನಮ್ಮ ಮೈಲಾರದ ಡೆಂಕಣಮರಡಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಉಪವಾಸ ವ್ರತದಲ್ಲಿರುವ ಗೊರವಯ್ಯ ಬಿಲ್ಲನ್ನೇರಿ ‘ಸದ್ದಲೇ’ ಎಂದು ಕೂಗಿದರೆ ಅಷ್ಟೂ ಜನ ಒಮ್ಮೆಲೇ ಸುಮ್ಮನಾಗುತ್ತಾರೆ. ಎಲ್ಲರೂ ಕಾಯುವುದು ಕಾರಣಿಕದ ಒಂದೇ ಒಂದು ಸಾಲಿಗೆ. ಅದನ್ನು ಕೇಳಿ ರೈತರು ಮಳೆ–ಬೆಳೆಯ ಲೆಕ್ಕ ಹಾಕುತ್ತಾರೆ, ರಾಜಕಾರಣಿಗಳು ಕುರ್ಚಿಯ ಲೆಕ್ಕ ಹಾಕುತ್ತಾರೆ. ನಂಬುವುದು, ಬಿಡುವುದು ಅವರವರಿಗೆ ಬಿಟ್ಟದ್ದು.

ನಮ್ಮಂಥ ಉದ್ಯೋಗಾಕಾಂಕ್ಷಿಗಳ ಬದುಕಿನಲ್ಲೂ ಹೀಗೆ ನಂಬಿಕೆಯ ಮೇಲೆ ನಿಂತ ಒಂದು ಸಾಲಿದೆ. ‘ಈ ಅಭ್ಯರ್ಥಿ ಉತ್ತೀರ್ಣ’ ಎಂದು ಅಂಕಪಟ್ಟಿಯಲ್ಲಿ ಅಚ್ಚಾಗಿರುವ ಸಾಲು ಅದು. ಅದನ್ನು ನಂಬಿ ಸರ್ಕಾರ ನೇಮಕಾತಿ ಆದೇಶ ಕೊಡುತ್ತದೆ, ಬ್ಯಾಂಕು ಸಾಲ ಕೊಡುತ್ತದೆ, ಬೀಗರು ಹೆಣ್ಣು ಕೊಡುತ್ತಾರೆ. ಆ ಸಾಲೇ ಸುಳ್ಳಾದರೆ?

2024ರ ಬೇಸಿಗೆಯ ಮಾತು. ಡಿಗ್ರಿ ಮುಗಿಸಿ ಮೂರು ವರ್ಷವಾಗಿತ್ತು. ಹೂವಿನಹಡಗಲಿಯ ಗ್ರಂಥಾಲಯದಲ್ಲಿ ದಿನವಿಡೀ ಓದುತ್ತಿದ್ದೆ. ಪಿಯುಸಿಯಲ್ಲಿ ನನ್ನದು ಶೇ 58. ಚಹಾದಂಗಡಿಯಲ್ಲಿ ಪರಿಚಯವಾದ ಒಬ್ಬರು ನಾಲ್ಕು ದಿನ ಚಹಾ ಕುಡಿಸಿ, ಐದನೇ ದಿನ ಮೆಲ್ಲಗೆ ಹೇಳಿದರು: ‘ತಮ್ಮಾ, ಎಷ್ಟು ವರ್ಷ ಹಿಂಗ ಓದ್ತಿ? ಸ್ವಲ್ಪ ರೊಕ್ಕ ಹೊಂದಿಸು. ಬ್ಯಾರೆ ಬೋರ್ಡಿನ ಮಾರ್ಕ್ಸ್ ಕಾರ್ಡ್ ತರಿಸಿ ಕೊಡ್ತೀನಿ, 94 ಪರ್ಸೆಂಟ್. ಪರೀಕ್ಷೆ ಇಲ್ಲದ ಪೋಸ್ಟ್ ಕರೆದಾಗ ಹಾಕು. ಯಾರೂ ನೋಡಂಗಿಲ್ಲ.’

ಅವರಿಗೆ ಬೈದು ಎದ್ದು ಬಂದೆ ಎಂದು ಬರೆದರೆ ಸುಳ್ಳಾಗುತ್ತದೆ. ಎರಡು ರಾತ್ರಿ ನಿದ್ದೆ ಬರಲಿಲ್ಲ. ಇರುವ ಎರಡೆಕರೆಯಲ್ಲಿ ಒಂದೆಕರೆ ಮಾರಿದರೆ ಎಷ್ಟು ಬಂದೀತು ಎಂದು ಲೆಕ್ಕ ಹಾಕಿದ್ದೂ ನಿಜ. ಮೂರನೇ ದಿನ ಗ್ರಂಥಾಲಯದಲ್ಲಿ ಎದುರು ಕೂರುವ ಹುಡುಗಿ ಅರ್ಜಿ ಹಾಕಲೆಂದು ತನ್ನ ಪಿಯುಸಿ ಅಂಕಪಟ್ಟಿಯ ಝೆರಾಕ್ಸ್ ತಂದಿದ್ದಳು. ಶೇ 91. ಅಪ್ಪ, ಅವ್ವ ಬೆಂಗಳೂರಿಗೆ ಗುಳೆ ಹೋದಾಗ ಅಜ್ಜಿಯ ಮನೆಯಲ್ಲಿ ಉಳಿದು, ಓದಿ ತೆಗೆದ ಅಂಕ. ನಾನು 94 ಕೊಂಡುಕೊಂಡರೆ ಆಯ್ಕೆಪಟ್ಟಿಯಲ್ಲಿ ಅವಳಿಗಿಂತ ಮೇಲಿರುತ್ತಿದ್ದೆ. ಅಲ್ಲಿಯವರೆಗೆ ನಾನು ಮೋಸ ಮಾಡುವುದು ಸರ್ಕಾರಕ್ಕೆ ಎಂದುಕೊಂಡಿದ್ದೆ. ಮೋಸ ಹೋಗುವವಳು ಎದುರಿಗೇ ಕುಳಿತಿದ್ದಳು.

ಅದೇ ವರ್ಷದ ಆಗಸ್ಟ್‌ನಲ್ಲಿ ಪತ್ರಿಕೆಗಳಲ್ಲಿ ಬಂದ ಸುದ್ದಿ ಓದಿ ಮೈ ನಡುಗಿತು. ಜಲಸಂಪನ್ಮೂಲ ಇಲಾಖೆಯು 182 ದ್ವಿತೀಯ ದರ್ಜೆ ಸಹಾಯಕ ಬ್ಯಾಕ್‌ಲಾಗ್ ಹುದ್ದೆಗಳಿಗೆ 2022ರಲ್ಲಿ ಅರ್ಜಿ ಕರೆದಿತ್ತು. 62 ಅಭ್ಯರ್ಥಿಗಳು ಪಿಯುಸಿ ಹಾಗೂ ತತ್ಸಮಾನ ಪರೀಕ್ಷೆಗಳ ನಕಲಿ ಅಂಕಪಟ್ಟಿ ಸಲ್ಲಿಸಿದ್ದಾರೆ ಎಂಬ ಆರೋಪದ ಮೇಲೆ ಪ್ರಕರಣ ದಾಖಲಾಯಿತು. ಬೆಂಗಳೂರಿನ ಸಿಸಿಬಿ ಪೊಲೀಸರು ಅಭ್ಯರ್ಥಿಗಳು ಮತ್ತು ಮಧ್ಯವರ್ತಿಗಳು ಸೇರಿ 48 ಮಂದಿಯನ್ನು ಬಂಧಿಸಿದರು. ಯಾರು ತಪ್ಪಿತಸ್ಥರು ಎಂಬುದನ್ನು ನ್ಯಾಯಾಲಯ ಹೇಳಬೇಕು. ಆದರೆ ಒಂದು ವಿಷಯಕ್ಕೆ ತೀರ್ಪು ಕಾಯಬೇಕಿಲ್ಲ. ಬ್ಯಾಕ್‌ಲಾಗ್ ಎಂದರೆ ಪರಿಶಿಷ್ಟರಿಗೆ ಮೀಸಲಾಗಿ, ಭರ್ತಿಯಾಗದೆ ಉಳಿದು ಬಂದ ಹುದ್ದೆಗಳು. ಅಲ್ಲಿ ಒಂದು ನಕಲಿ ಅಂಕಪಟ್ಟಿ ಒಳಗೆ ಬಂದರೆ ಹೊರಗೆ ಬೀಳುವುದು ಅದೇ ಕೇರಿಯ, ಅದೇ ಬಡತನದ ಇನ್ನೊಂದು ಮಗು.

ಸಿಕ್ಕಿಬೀಳುವುದು ಹೇಗೆ ಎಂಬುದು ಸರಳ. ನೇಮಕಾತಿ ಪ್ರಾಧಿಕಾರವು ಅಂಕಪಟ್ಟಿಯನ್ನು ಅದನ್ನು ಕೊಟ್ಟ ಮಂಡಳಿಗೋ ವಿಶ್ವವಿದ್ಯಾಲಯಕ್ಕೋ ನೈಜತೆ ಪರಿಶೀಲನೆಗೆ ಕಳಿಸುತ್ತದೆ. ಅಲ್ಲಿಯ ದಾಖಲೆಯಲ್ಲಿ ಆ ನೋಂದಣಿ ಸಂಖ್ಯೆ ಇರುವುದಿಲ್ಲ, ಇದ್ದರೆ ಬೇರೆಯವರ ಹೆಸರಿನಲ್ಲಿರುತ್ತದೆ. ಮುದ್ರೆ, ಹಾಲೋಗ್ರಾಂ, ಸಹಿ ಎಲ್ಲವನ್ನೂ ನಕಲು ಮಾಡಬಹುದು. ಮಂಡಳಿಯ ಕಡತದೊಳಗೆ ಹೋಗಿ ಕೂರಲು ನಕಲಿ ಅಂಕಪಟ್ಟಿಗೆ ಆಗುವುದಿಲ್ಲ. ಪರಿಶೀಲನೆ ಮೊದಲ ತಿಂಗಳಲ್ಲಿ ಆಗಬಹುದು, ಪ್ರೊಬೇಷನರಿ ಅವಧಿ ಘೋಷಿಸುವಾಗ ಆಗಬಹುದು, ಹತ್ತು ವರ್ಷದ ಮೇಲೆ ಬಂದ ಒಂದು ಮೂಗರ್ಜಿಯಿಂದಲೂ ಆಗಬಹುದು.

‘ಒಮ್ಮೆ ಸೇರಿಕೊಂಡು ಹತ್ತಿಪ್ಪತ್ತು ವರ್ಷ ಕಳೆದರೆ ಯಾರು ಕೇಳುತ್ತಾರೆ’ ಎನ್ನುವವರಿದ್ದಾರೆ. ಅವರು ಕೇರಳದ ಆರ್. ವಿಶ್ವನಾಥ ಪಿಳ್ಳೈ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2004ರಲ್ಲಿ ಕೊಟ್ಟ ತೀರ್ಪನ್ನು ಓದಬೇಕು. ಅಲ್ಲಿದ್ದದ್ದು ಸುಳ್ಳು ಜಾತಿ ಪ್ರಮಾಣಪತ್ರ. 27 ವರ್ಷ ಸೇವೆ ಸಲ್ಲಿಸಿದ್ದೇನೆ, ಪಿಂಚಣಿಯನ್ನಾದರೂ ಉಳಿಸಿ ಎಂದು ಆ ಪೊಲೀಸ್ ಅಧಿಕಾರಿ ಕೇಳಿಕೊಂಡರು. ವಂಚನೆಯಿಂದ ಪಡೆದ ನೇಮಕಾತಿ ನೇಮಕಾತಿಯೇ ಅಲ್ಲ, ಆದ್ದರಿಂದ ಸರ್ಕಾರಿ ನೌಕರರಿಗೆ ಸಂವಿಧಾನದ 311ನೇ ವಿಧಿ ಕೊಡುವ ರಕ್ಷಣೆಯೂ ಇಲ್ಲ, ಪಿಂಚಣಿಯೂ ಇಲ್ಲ ಎಂದಿತು ನ್ಯಾಯಾಲಯ. ಸುಳ್ಳು ಜಾತಿ ಪ್ರಮಾಣಪತ್ರದ ಮೇಲೆ ಪಡೆದ ನೌಕರಿಯನ್ನು ಎಷ್ಟೇ ವರ್ಷ ಕಳೆದಿದ್ದರೂ ಉಳಿಸಲಾಗದು ಎಂದು 2017ರಲ್ಲಿ ಭಾರತೀಯ ಆಹಾರ ನಿಗಮದ ಪ್ರಕರಣದಲ್ಲಿ ಮತ್ತೆ ಹೇಳಿತು. ಅಂಕಪಟ್ಟಿಯ ಸುಳ್ಳಿಗೂ ಅನ್ವಯಿಸುವುದು ಇದೇ ತತ್ವ. ನೌಕರನಿಗೆ 60ಕ್ಕೆ ನಿವೃತ್ತಿ ಇದೆ. ಅವನು ಕೊಟ್ಟ ನಕಲಿ ಅಂಕಪಟ್ಟಿಗೆ ನಿವೃತ್ತಿ ಇಲ್ಲ.

ಹೋಗುವುದು ನೌಕರಿಯೊಂದೇ ಅಲ್ಲ. ನಮ್ಮ ರಾಜ್ಯದ 1957ರ ಸಿಸಿಎ ನಿಯಮಗಳ ಪ್ರಕಾರ ಸೇವೆಯಿಂದ ವಜಾ ಆದವರು ಸಾಮಾನ್ಯವಾಗಿ ಮುಂದೆ ಯಾವ ಸರ್ಕಾರಿ ಕೆಲಸಕ್ಕೂ ಅರ್ಹರಲ್ಲ. ಮೇಲೆ ಕ್ರಿಮಿನಲ್ ಮೊಕದ್ದಮೆ ಬೇರೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ವಂಚನೆಗೂ, ವಂಚಿಸಲೆಂದು ದಾಖಲೆ ಸೃಷ್ಟಿಸುವುದಕ್ಕೂ ಏಳು ವರ್ಷದವರೆಗೆ ಜೈಲು ಇದೆ. ದಲ್ಲಾಳಿಗೆ ಕೊಟ್ಟ ರೊಕ್ಕ ವಾಪಸ್ ಬರುವುದಿಲ್ಲ, ಮಾರಿದ ಹೊಲ ಮರಳುವುದಿಲ್ಲ. ಇವೆಲ್ಲಕ್ಕಿಂತ ದೊಡ್ಡ ಶಿಕ್ಷೆ ಸಿಕ್ಕಿಬೀಳುವ ಮೊದಲೇ ಶುರುವಾಗಿರುತ್ತದೆ. ಕಚೇರಿಗೆ ಬಂದ ಪ್ರತಿ ಟಪಾಲನ್ನೂ ಇದು ನನ್ನದೇ ಇರಬಹುದೇ ಎಂದು ನೋಡುವ ಬದುಕು ಅದು. 2015ರಲ್ಲಿ ಬಿಹಾರದಲ್ಲಿ, ನಕಲಿ ಪದವಿಯ ಶಿಕ್ಷಕರು ತಾವಾಗಿಯೇ ರಾಜೀನಾಮೆ ಕೊಟ್ಟರೆ ಕ್ರಮ ಇಲ್ಲ ಎಂದು ಪಟ್ನಾ ಹೈಕೋರ್ಟ್ ಅವಕಾಶ ಕೊಟ್ಟಾಗ ಸಾವಿರಕ್ಕೂ ಹೆಚ್ಚು ಮಂದಿ ಕೆಲಸ ಬಿಟ್ಟು ಹೋದರು. ಅಷ್ಟು ಜನ ಎಷ್ಟು ವರ್ಷ ಅಂಜಿಕೊಂಡೇ ಹಾಜರಿ ಪುಸ್ತಕಕ್ಕೆ ಸಹಿ ಹಾಕಿದ್ದರೋ!

ತಪ್ಪೆಲ್ಲ ಹುಡುಗರದ್ದೇ ಎಂದು ನಾನು ಹೇಳುತ್ತಿಲ್ಲ. ಬರೀ ಅಂಕ ನೋಡಿ ಕೆಲಸ ಕೊಡುವ ಪದ್ಧತಿಯೇ ಅಂಕದ ಅಂಗಡಿಗಳನ್ನು ಬೆಳೆಸಿತು. ಹಿಂದೆ ಪಿಯುಸಿ ಅಂಕಗಳ ಮೇಲೆ ನಡೆಯುತ್ತಿದ್ದ ಗ್ರಾಮ ಲೆಕ್ಕಿಗರ ನೇಮಕಾತಿಯನ್ನು ಸರ್ಕಾರ 2024ರಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಬದಲಿಸಿ, 1000 ಗ್ರಾಮ ಆಡಳಿತ ಅಧಿಕಾರಿ ಹುದ್ದೆಗಳಿಗೆ ಕೆಇಎ ಮೂಲಕ ಪರೀಕ್ಷೆ ನಡೆಸಿದ್ದು ಸರಿಯಾದ ಹೆಜ್ಜೆ. ಆದರೆ ಪರೀಕ್ಷೆಯೊಂದೇ ಮದ್ದಲ್ಲ ಎಂಬುದನ್ನು 545 ಪಿಎಸ್‌ಐ ಹುದ್ದೆಗಳ ಹಗರಣ ತೋರಿಸಿದೆ. 2021ರ ಅಕ್ಟೋಬರ್‌ನಲ್ಲಿ ಬರೆದ ಪರೀಕ್ಷೆ 2022ರ ಏಪ್ರಿಲ್‌ನಲ್ಲಿ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಕೆಲವರು ಮಾಡಿದ ಅಕ್ರಮಕ್ಕೆ ಪ್ರಾಮಾಣಿಕವಾಗಿ ಪಾಸಾದವರೂ ವರ್ಷಗಟ್ಟಲೆ ಕಾದರು. ಅಷ್ಟರಲ್ಲಿ ವಯೋಮಿತಿ ಮೀರುವವರ ಸಂಕಟ ನಮ್ಮಂಥ ಊರುಗಳಿಗೆ ಚೆನ್ನಾಗಿ ಗೊತ್ತು.

ಹಾಗಾಗಿ ಸರ್ಕಾರಕ್ಕೆ ಕೇಳುವುದು ಮೂರು ಮಾತು. ನೇಮಕಾತಿ ಆದೇಶ ಕೊಡುವ ಮೊದಲೇ ನೈಜತೆ ಪರಿಶೀಲನೆ ಮುಗಿಯಲಿ. ಆಗ ಸುಳ್ಳೂ ಒಳಗೆ ಬರುವುದಿಲ್ಲ, ಹತ್ತು ವರ್ಷದ ನಂತರ ಒಂದು ಸಂಸಾರ ಬೀದಿಗೂ ಬೀಳುವುದಿಲ್ಲ. ಅಂಕಪಟ್ಟಿ ಕೊಂಡವರ ಜೊತೆ ಮಾರಿದವರಿಗೂ, ಕಣ್ಣುಮುಚ್ಚಿ ಕಡತ ದಾಟಿಸಿದವರಿಗೂ ಶಿಕ್ಷೆಯಾಗಲಿ. ಖಾಲಿ ಹುದ್ದೆಗಳಿಗೆ ಪ್ರತಿ ವರ್ಷ ತಪ್ಪದೇ ಅರ್ಜಿ ಕರೆಯಲಿ. ದಲ್ಲಾಳಿಗಳ ವ್ಯಾಪಾರ ನಡೆಯುವುದೇ ನಮ್ಮ ಕಾಯುವಿಕೆಯ ಮೇಲೆ.

ಗೆಳೆಯರಿಗೆ ಹೇಳುವುದೂ ಇದೆ. ಫೇಲಾಗುವುದು, ಕಡಿಮೆ ಅಂಕ ಬರುವುದು ಈಗ ದಾರಿಯ ಕೊನೆಯಲ್ಲ. ಎಸ್‌ಎಸ್‌ಎಲ್‌ಸಿ ಮತ್ತು ದ್ವಿತೀಯ ಪಿಯುಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ, ಹೆಚ್ಚು ಬಂದ ಅಂಕವನ್ನೇ ಉಳಿಸಿಕೊಳ್ಳಬಹುದು. ಶಾಲೆ ಬಿಟ್ಟವರಿಗೆ ರಾಷ್ಟ್ರೀಯ ಮುಕ್ತ ಶಾಲೆ ಇದೆ, ಪದವಿಗೆ ಮೈಸೂರಿನ ಮುಕ್ತ ವಿಶ್ವವಿದ್ಯಾಲಯ ಇದೆ. ಶುಲ್ಕ ಕಟ್ಟುವ ಮೊದಲು ಆ ಸಂಸ್ಥೆಗೆ, ಆ ಕೋರ್ಸಿಗೆ ಮಾನ್ಯತೆ ಇದೆಯೇ ಎಂದು ಯುಜಿಸಿ ಪಟ್ಟಿಯಲ್ಲಿ ನೋಡಿಕೊಳ್ಳಿ. ಯುಜಿಸಿ ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯನ್ನೂ ಪ್ರಕಟಿಸುತ್ತದೆ. ಪರೀಕ್ಷೆ ಬರೆಯದೆ, ಒಂದೇ ತಿಂಗಳಲ್ಲಿ, ಇಷ್ಟು ಪರ್ಸೆಂಟ್ ಖಚಿತ ಎಂದು ಯಾರಾದರೂ ಹೇಳಿದರೆ ಅದು ಶಿಕ್ಷಣವಲ್ಲ, ವ್ಯಾಪಾರ. ಅಲ್ಲಿಂದ ಎದ್ದು ಬನ್ನಿ.

ಚಹಾದಂಗಡಿಯ ಆ ಮನುಷ್ಯ ಆಮೇಲೆ ಕಾಣಿಸಲಿಲ್ಲ. ನನಗೆ ಇನ್ನೂ ಸರ್ಕಾರಿ ಕೆಲಸ ಸಿಕ್ಕಿಲ್ಲ. ಎದುರು ಬೆಂಚಿನ ಹುಡುಗಿಯೂ ಓದುತ್ತಲೇ ಇದ್ದಾಳೆ. ಅವಳಿಗೆ ಈ ಕಥೆ ಗೊತ್ತಿಲ್ಲ. ಆದರೆ ದಿನಾ ಬೆಳಿಗ್ಗೆ ಅವಳ ಎದುರು ಪುಸ್ತಕ ಬಿಚ್ಚಿ ಕೂರುವಾಗ ನಾನು ತಲೆ ತಗ್ಗಿಸಬೇಕಾಗಿಲ್ಲ. ಶೇ 58ರ ನನ್ನ ಅಂಕಪಟ್ಟಿಯನ್ನು ಯಾವ ಮೇಜಿನ ಮೇಲೆ ಬೇಕಾದರೂ ಇಡಬಲ್ಲೆ.