ಮಳೆಗಾಲದಲ್ಲಿ ಇಲ್ಲಿರುವವರು ಯಾರು?

ಕೊಡಗಿನಲ್ಲಿ ಈಗ ಎರಡು ಪಂಚಾಂಗಗಳು ಚಾಲ್ತಿಯಲ್ಲಿವೆ. ಒಂದು, ಇಲ್ಲಿ ವರ್ಷವಿಡೀ ಬಾಳುವವರದು. ಅದರಲ್ಲಿ ಫೆಬ್ರವರಿ-ಮಾರ್ಚ್‌ನ ಹೂಮಳೆ, ಜೂನ್‌ನ ಮುಂಗಾರು, ಕಕ್ಕಡದ ನಾಟಿ, ಸೆಪ್ಟೆಂಬರಿನ ಕೈಲ್‌ಪೋಳ್ದ್, ಮಳೆ ಹಿಂದೆ ಸರಿದ ಮೇಲೆ ಪುತ್ತರಿ, ಅದರ ಬೆನ್ನಿಗೇ ಕಾಫಿ ಕೊಯ್ಲು ಬರುತ್ತವೆ. ಇನ್ನೊಂದು ರಜೆಯ ಪಂಚಾಂಗ. ದಸರಾ, ಕ್ರಿಸ್‌ಮಸ್, ಹೊಸ ವರ್ಷ, ಏಪ್ರಿಲ್-ಮೇ ತಿಂಗಳ ಬೇಸಿಗೆ ರಜೆ, ಮತ್ತು ಮೂರು ದಿನ ಒಟ್ಟಾಗಿ ಸಿಗುವ ಯಾವುದೇ ವಾರಾಂತ್ಯ ಅದರ ಪರ್ವದಿನಗಳು. ಕಳೆದ ಎರಡು ದಶಕಗಳಲ್ಲಿ ಎರಡನೆಯ ಪಂಚಾಂಗವು ಮೊದಲನೆಯದನ್ನು ಮೆಲ್ಲಮೆಲ್ಲನೆ ಬದಿಗೊತ್ತುತ್ತ ಬಂದಿದೆ. ರಸ್ತೆ ಎಲ್ಲಿ ಅಗಲವಾಗಬೇಕು, ಎಕರೆಗೆ ಬೆಲೆ ಎಷ್ಟು, ಹೊಳೆಯ ನೀರು ಯಾರ ಟ್ಯಾಂಕಿಗೆ ಏರಬೇಕು ಎಂಬುದನ್ನೆಲ್ಲ ಇಂದು ನಿರ್ಧರಿಸುತ್ತಿರುವುದು ರಜೆಯ ಪಂಚಾಂಗವೇ.

ಈ ಮಾತನ್ನು ಆಡಿದೊಡನೆ ‘ನೀವು ಪ್ರವಾಸಿಗರ ವಿರೋಧಿಗಳು’ ಎಂಬ ಆರೋಪ ಬರುತ್ತದೆ. ಆದ್ದರಿಂದ ಮೊದಲೇ ಸ್ಪಷ್ಟಪಡಿಸುವುದು ಒಳಿತು. ಎರಡು ದಿನ ಬಂದು ಹೋಗುವ ಕುಟುಂಬದ ಮೇಲೆ ನಮಗೆ ಯಾವ ಹಗೆತನವೂ ಇಲ್ಲ. ಬಂದವರನ್ನು ಉಣಿಸಿ ಕಳಿಸುವುದು ಈ ನಾಡಿನ ನಡತೆ. ಪ್ರಶ್ನೆ ಇರುವುದು ವ್ಯವಸ್ಥೆಯ ಕುರಿತು. ವರ್ಷದಲ್ಲಿ ಕೆಲವೇ ವಾರ ಇರುವವರ ಸುಖಕ್ಕಾಗಿ ಐವತ್ತೆರಡು ವಾರ ಇರುವವರ ನೆಲ-ಜಲಗಳನ್ನು ಹೊಂದಿಸಿಕೊಡುವ ಈ ಏರ್ಪಾಡಿನ ಲೆಕ್ಕವನ್ನು ಯಾರಾದರೂ ಇಟ್ಟಿದ್ದಾರೆಯೇ?

ಹಾಗೆ ನೋಡಿದರೆ ಬಾಗಿಲು ತೆರೆದವರು ನಾವೇ. 2000ದ ಆಸುಪಾಸಿನಲ್ಲಿ ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿ ಕಾಫಿ ಬೆಲೆ ಪಾತಾಳಕ್ಕಿಳಿದಾಗ ಬ್ಯಾಂಕಿನ ಸಾಲ ತೀರಿಸಲು, ಮಕ್ಕಳ ಶುಲ್ಕ ಕಟ್ಟಲು ಅನೇಕ ಬೆಳೆಗಾರರು ಮನೆಯ ಎರಡು ಕೋಣೆಗಳನ್ನು ಅತಿಥಿಗಳಿಗೆ ಬಿಟ್ಟುಕೊಟ್ಟರು. ಹೋಂಸ್ಟೇ ಎಂಬ ಪದ ನಮ್ಮ ಆಡುಮಾತಿಗೆ ಸೇರಿದ್ದು ಆಗ. ಅದು ಬದುಕುವ ದಾರಿಯಾಗಿತ್ತು, ತಪ್ಪೆನ್ನಲು ಸಾಧ್ಯವಿಲ್ಲ. ಮನೆಯೊಡತಿ ಅಡುಗೆ ಮಾಡುತ್ತಿದ್ದರು, ಅತಿಥಿ ಮನೆಯವರ ಜೊತೆ ಉಣ್ಣುತ್ತಿದ್ದ, ಬಚ್ಚಲ ನೀರು ಬಾಳೆಯ ಬುಡಕ್ಕೆ ಹೋಗುತ್ತಿತ್ತು. ಮಾಲೀಕ ಅದೇ ಮನೆಯಲ್ಲಿ ವಾಸವಾಗಿರಬೇಕು, ಕೋಣೆಗಳು ಮಿತಿಯೊಳಗಿರಬೇಕು ಎಂಬುದೇ ಆ ಯೋಜನೆಯ ಮೂಲ ಷರತ್ತು. ಇಂದು ಅದೇ ಫಲಕದಡಿಯಲ್ಲಿ ಮಾಲೀಕನ ಮುಖವನ್ನೇ ಕಾಣದ ಕಟ್ಟಡಗಳು ನಡೆಯುತ್ತಿವೆ. ಈಚಿನ ವರ್ಷಗಳಲ್ಲಿ ರೋಬಸ್ಟಾ ಬೆಲೆ ಹಿಂದೆಂದೂ ಕಾಣದ ಮಟ್ಟಕ್ಕೆ ಏರಿತು. ‘ಕಾಫಿ ಗಿಟ್ಟುವುದಿಲ್ಲ, ಅದಕ್ಕೇ ಇದು’ ಎಂಬ ಹಳೆಯ ಸಮಜಾಯಿಷಿ ಸಡಿಲಗೊಂಡಿದೆ. ಫಲಕಗಳೇನೂ ಇಳಿದಂತೆ ಕಾಣುವುದಿಲ್ಲ.

ಮೊದಲು ನೀರಿನ ಲೆಕ್ಕ ನೋಡೋಣ. ಜಲಜೀವನ ಯೋಜನೆಯು ಗ್ರಾಮೀಣ ವ್ಯಕ್ತಿಯೊಬ್ಬನಿಗೆ ದಿನಕ್ಕೆ 55 ಲೀಟರ್ ನೀರನ್ನು ಮಾನದಂಡವಾಗಿ ಇಟ್ಟುಕೊಂಡಿದೆ. ವಸತಿಗೃಹಗಳಿಗೆ ಕಟ್ಟಡ ಸಂಹಿತೆ ಹೇಳುವ ಪ್ರಮಾಣ ಹಾಸಿಗೆಯೊಂದಕ್ಕೆ 180 ಲೀಟರ್. ಅಂದರೆ ಸರಕಾರದ ಕಾಗದದಲ್ಲೇ ಒಬ್ಬ ಅತಿಥಿ ಮೂವರು ಹಳ್ಳಿಗರಿಗಿಂತ ಹೆಚ್ಚು. ಆರುನೂರು ಜನರಿರುವ ಗ್ರಾಮವೊಂದನ್ನು ಕಲ್ಪಿಸಿಕೊಳ್ಳಿ. ಅದರ ದಿನದ ಅಗತ್ಯ 33,000 ಲೀಟರ್. ಅದೇ ಗ್ರಾಮದ ವ್ಯಾಪ್ತಿಯಲ್ಲಿ ಇನ್ನೂರು ಹಾಸಿಗೆಗಳು ಭರ್ತಿಯಾದ ದಿನ ಅವುಗಳ ಅಗತ್ಯ 36,000 ಲೀಟರ್. ಈಜುಕೊಳ, ಹುಲ್ಲುಹಾಸು ಇದರಲ್ಲಿ ಸೇರಿಲ್ಲ. ಈ ಭರ್ತಿಯ ದಿನಗಳು ಯಾವಾಗ ಬರುತ್ತವೆ? ಏಪ್ರಿಲ್ ಮತ್ತು ಮೇ ತಿಂಗಳಿನಲ್ಲಿ, ತೋಡುಗಳು ನೂಲಿನಂತೆ ಹರಿಯುವ ಕಾಲದಲ್ಲಿ. ಬಯಲುಸೀಮೆಯಲ್ಲಿ ಸೆಕೆ ಹೆಚ್ಚಿದಷ್ಟೂ ಇಲ್ಲಿಗೆ ಬರುವವರು ಹೆಚ್ಚುತ್ತಾರೆ. ಸೆಕೆ ಹೆಚ್ಚಿದಷ್ಟೂ ನಮ್ಮ ಹೊಳೆ ಇಳಿಯುತ್ತದೆ.

ಕೃಷಿ ವಿಜ್ಞಾನದ ವಿದ್ಯಾರ್ಥಿಯಾಗಿ ಇನ್ನೊಂದು ಬದಿಯನ್ನೂ ಹೇಳದೆ ಹೋದರೆ ಅನ್ಯಾಯವಾದೀತು. ರೋಬಸ್ಟಾ ಹೂವಿಗಾಗಿ ನಾವು ಬೆಳೆಗಾರರು ತುಂತುರು ನೀರಾವರಿ ಮಾಡುತ್ತೇವಲ್ಲ, ಒಂದು ಎಕರೆಗೆ ಒಂದು ಇಂಚು ನೀರು ಕೊಟ್ಟರೂ ಅದು ಒಂದು ಲಕ್ಷ ಲೀಟರಿಗೆ ಮೀರುತ್ತದೆ. ಹತ್ತು ಎಕರೆಯ ತೋಟ ಒಂದು ಸುತ್ತಿನಲ್ಲಿ ಎಳೆಯುವ ನೀರು ಆ ಇನ್ನೂರು ಹಾಸಿಗೆಗಳ ಸುಮಾರು ಒಂದು ತಿಂಗಳ ಖರ್ಚಿಗೆ ಸಮ. ಹೊಳೆ ಬತ್ತಿಸಿದ ಪಾಪವನ್ನೆಲ್ಲ ಬೆಂಗಳೂರಿನ ಕಾರುಗಳ ಮೇಲೆ ಹೊರಿಸುವವರು ತಮ್ಮ ಪಂಪ್‌ಸೆಟ್ಟುಗಳನ್ನೂ ಎಣಿಸಬೇಕು. ಆದರೂ ಎರಡರ ಗುಣದಲ್ಲಿ ಭೇದವಿದೆ. ತೋಟದ ನೀರು ಒಂದೆರಡು ಸುತ್ತಿನಲ್ಲಿ ಮುಗಿಯುತ್ತದೆ, ಹೂಮಳೆ ಬಂದ ವರ್ಷ ಬೇಕಾಗುವುದೇ ಇಲ್ಲ. ಅತಿಥಿಗೃಹದ ಕೊಳವೆಬಾವಿಗೆ ಅಂಥ ವಿರಾಮವಿಲ್ಲ. ಅಲ್ಲಿಂದ ಹೊರಬೀಳುವುದು ಸೋಪು-ಮಲ ಬೆರೆತ ನೀರು. ನಮ್ಮ ಇಳಿಜಾರಿನಲ್ಲಿ ಶೌಚಗುಂಡಿಯ ಕೆಳಗೆ ಯಾವಾಗಲೂ ಯಾರದೋ ಬಾವಿ ಇರುತ್ತದೆ.

ನೀರಿಗಿಂತ ಆಳವಾದ ಸಮಸ್ಯೆ ಗದ್ದೆಯದು. ಕಣಿವೆಯ ತಳದ ಭತ್ತದ ಗದ್ದೆಯನ್ನು ಅಕ್ಕಿಯ ಇಳುವರಿಯಿಂದ ಅಳೆದರೆ ಅದು ನಷ್ಟದ ಬಾಬತ್ತು, ಒಪ್ಪಿದೆ. ಆದರೆ ಬದುಗಳ ನಡುವೆ ತಿಂಗಳುಗಟ್ಟಲೆ ನೀರು ನಿಲ್ಲಿಸಿಕೊಳ್ಳುವ ಪ್ರತಿಯೊಂದು ಮಡಿಯೂ ಒಂದು ತೆಳ್ಳನೆಯ ಕೆರೆ. ಗುಡ್ಡದಿಂದ ಓಡಿಬರುವ ಮಳೆನೀರನ್ನು ಅದು ತಡೆದು, ಹೂಳನ್ನು ಅಲ್ಲಿಯೇ ಕೂರಿಸಿ, ತಿಳಿನೀರನ್ನು ನಿಧಾನವಾಗಿ ನೆಲಕ್ಕೂ ತೋಡಿಗೂ ಬಿಡುತ್ತದೆ. ಕೂಲಿಯಾಳು ಸಿಗದೆ, ಆನೆಯ ಕಾಟಕ್ಕೆ ಸೋತು ಗದ್ದೆ ಬೀಳುಬಿದ್ದಾಗ ಮೊದಲು ಬದು ಒಡೆಯುತ್ತದೆ. ಆಮೇಲೆ ಮಣ್ಣು ತುಂಬುತ್ತದೆ, ಆಮೇಲೆ ಭೂಪರಿವರ್ತನೆಯ ಅರ್ಜಿ ಹೋಗುತ್ತದೆ. ಮಣ್ಣು ತುಂಬಿದ ಗದ್ದೆಯ ಮೇಲೆ ಕಟ್ಟಿದ ವಿಲ್ಲಾದ ಜಾಹೀರಾತಿನಲ್ಲಿ ‘ಹಸಿರು ಗದ್ದೆಗಳ ನೋಟ’ ಎಂದಿರುತ್ತದೆ. ಆ ನೋಟ ನೆರೆಯವನ ಗದ್ದೆಯದು, ಅವನೂ ಮಾರುವವರೆಗೆ ಮಾತ್ರ. 2020ರಲ್ಲಿ ರಾಜ್ಯದ ಭೂಸುಧಾರಣಾ ಕಾಯಿದೆಯ 79ಎ ಮತ್ತು 79ಬಿ ಕಲಮುಗಳನ್ನು ತೆಗೆದುಹಾಕಿ, ಕೃಷಿಕರಲ್ಲದವರೂ ಆದಾಯದ ಮಿತಿಯಿಲ್ಲದೆ ಕೃಷಿಭೂಮಿ ಕೊಳ್ಳಲು ದಾರಿ ಮಾಡಿಕೊಟ್ಟ ಮೇಲೆ ಈ ಸರಪಳಿಯ ಕೊನೆಯ ಕೊಂಡಿಯೂ ಕೂಡಿಕೊಂಡಿತು.

ಇಲ್ಲಿ ಹೇಳಲು ಮುಜುಗರವಾಗುವ ಒಂದು ಮಾತಿದೆ. ಋತುವಿಗೊಮ್ಮೆ ಬರುವವರಲ್ಲಿ ನಮ್ಮವರೇ ಸಾಕಷ್ಟಿದ್ದಾರೆ. ಎಷ್ಟೋ ಐನ್‌ಮನೆಗಳು ಈಗ ಹಬ್ಬಕ್ಕೆ ಮಾತ್ರ ತೆರೆಯುತ್ತವೆ. ಮಕ್ಕಳು ಬೆಂಗಳೂರು, ಮೈಸೂರುಗಳಿಂದ ಪುತ್ತರಿಗೆ ಬರುತ್ತಾರೆ, ಸಾಂಪ್ರದಾಯಿಕ ಉಡುಗೆ ತೊಡುತ್ತಾರೆ. ಕದಿರು ತೆಗೆಯುವ ಹೊತ್ತಿಗೆ ಕುಟುಂಬದ ಗದ್ದೆ ಬೀಳುಬಿದ್ದಿರುವುದರಿಂದ ಬೇರೆಯವರ ಗದ್ದೆಗೆ ಹೋಗಬೇಕಾಗುತ್ತದೆ. ಹೊರಗಿನವರು ನಾಡನ್ನು ಹಾಳುಮಾಡಿದರೆಂದು ಊಟದ ಪಂಕ್ತಿಯಲ್ಲಿ ಆವೇಶದಿಂದ ಮಾತಾಡುವವರೂ ಸೋಮವಾರ ಬೆಳಿಗ್ಗೆ ಹೊರಟುಬಿಡುತ್ತಾರೆ. ಗದ್ದೆಯ ಬದು ಕಟ್ಟುವವರು ಯಾರು? ‘ಒಳಗಿನವರು-ಹೊರಗಿನವರು’ ಎಂಬ ಗೆರೆಯನ್ನು ಜಾತಿ ಅಥವಾ ಮನೆತನದ ಮೇಲೆ ಎಳೆದರೆ ಈ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಲೈನ್‌ಮನೆಯಲ್ಲಿ ಹುಟ್ಟಿ ಅಲ್ಲೇ ಮುದುಕನಾದ ಕಾರ್ಮಿಕ ಈ ಅರ್ಥದಲ್ಲಿ ಪೂರ್ಣ ನಿವಾಸಿ.

ಆ ಕಾರ್ಮಿಕನಿಗೆ ನಿವೇಶನವಿಲ್ಲ ಎಂಬುದನ್ನೂ ಇಲ್ಲಿಯೇ ನೆನೆಯಬೇಕು. 2016ರ ಡಿಸೆಂಬರಿನಲ್ಲಿ ದಿಡ್ಡಳ್ಳಿಯಲ್ಲಿ ನೂರಾರು ಆದಿವಾಸಿ ಕುಟುಂಬಗಳ ಗುಡಿಸಲುಗಳನ್ನು ಅರಣ್ಯ ರಕ್ಷಣೆಯ ಹೆಸರಿನಲ್ಲಿ ನೆಲಸಮ ಮಾಡಲಾಯಿತು. ವರ್ಷದಲ್ಲಿ ಹನ್ನೊಂದು ತಿಂಗಳು ಬೀಗ ಹಾಕಿರುವ ಎರಡನೆಯ ಮನೆಗೆ ಗುಡ್ಡದ ನೆತ್ತಿಯಲ್ಲಿ ಜಾಗ ದೊರೆಯುವ ಜಿಲ್ಲೆಯಲ್ಲಿ, ಒಂದೇ ಮನೆಯೂ ಇಲ್ಲದವರಿಗೆ ಜಾಗದ ಕೊರತೆ. ಪರಿಸರ ಚಳವಳಿಯವರಾದ ನಾವು ಈ ವಿಷಯದಲ್ಲಿ ಎಷ್ಟು ದನಿಯೆತ್ತಿದ್ದೇವೆ ಎಂಬುದು ನಮ್ಮ ಸಭೆಗಳಲ್ಲಿ ಚರ್ಚೆಯಾಗಬೇಕಾದ ಸಂಗತಿ.

ಇನ್ನು ಬರೆಯ ವಿಚಾರ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಕಾಲೂರು, ಜೋಡುಪಾಲದ ಗುಡ್ಡಗಳು ಜಾರಿದುದಕ್ಕೆ ಮುಖ್ಯ ಪ್ರಚೋದನೆ ಅಸಾಧಾರಣ ಮಳೆ. ಒಂದು ರೆಸಾರ್ಟೂ ಇಲ್ಲದ ಇಳಿಜಾರುಗಳೂ ಜಾರಿವೆ, ಇದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಇಳಿಜಾರುಗಳನ್ನು ಲಂಬವಾಗಿ ಕಡಿದದ್ದು, ಸಹಜ ನೀರುದಾರಿಗಳನ್ನು ಮುಚ್ಚಿದ್ದು ಕಾರಣಗಳ ಸಾಲಿನಲ್ಲಿವೆ ಎಂದು ಭಾರತೀಯ ಭೂವೈಜ್ಞಾನಿಕ ಸಮೀಕ್ಷಾ ಸಂಸ್ಥೆಯೂ ಗುರುತಿಸಿತು. ಇದರ ಹಿಂದಿನ ಕ್ರಿಯೆ ಸರಳ. ನಮ್ಮ ಗುಡ್ಡಗಳಲ್ಲಿ ಕಲ್ಲಿನ ಮೇಲೆ ದಪ್ಪನೆಯ, ಶಿಥಿಲಗೊಂಡ ಮಣ್ಣಿನ ಹೊದಿಕೆ ಇದೆ. ಆ ಮಣ್ಣು ನೀರು ಕುಡಿದು ಭಾರವಾಗುತ್ತದೆ, ಕಣಗಳ ನಡುವಿನ ನೀರಿನ ಒತ್ತಡ ಏರಿದಂತೆ ಅವುಗಳ ಹಿಡಿತ ಕುಗ್ಗುತ್ತದೆ. ಆಗ ಗುಡ್ಡವನ್ನು ಎತ್ತಿಹಿಡಿದಿರುವುದು ಅದರ ಬುಡ. ಜೆಸಿಬಿ ಕಡಿಯುವುದು ಆ ಬುಡವನ್ನೇ. ಸಮತಟ್ಟು ಜಾಗಕ್ಕಾಗಿ ಮೇಲಿನ ಬರೆಯನ್ನು ಕಡಿದು, ಅದೇ ಮಣ್ಣನ್ನು ಕೆಳಗಿನ ಇಳಿಜಾರಿಗೆ ದೂಡಿದರೆ ಒಂದೇ ಕೆಲಸದಲ್ಲಿ ಎರಡು ಅಪಾಯಗಳು ಸಿದ್ಧವಾಗುತ್ತವೆ. ಅವು ಪ್ರಕಟವಾಗಲು ಮೂರು ನಾಲ್ಕು ಮಳೆಗಾಲ ಬೇಕಾಗಬಹುದು.

ಆ ಆಗಸ್ಟ್‌ನಲ್ಲಿ ಜಿಲ್ಲಾಡಳಿತವು ಪ್ರವಾಸಿಗರಿಗೆ ನಿರ್ಬಂಧ ಹೇರಿತು, ಅದು ಸರಿಯೂ ಆಗಿತ್ತು. ಪರಿಹಾರ ಕೇಂದ್ರಗಳಲ್ಲಿ ಚಾಪೆ ಹಾಸಿ ಮಲಗಿದವರು ಬೆಳೆಗಾರರು, ಕಾರ್ಮಿಕರು, ಅವರ ಮಕ್ಕಳು. 2019ರಲ್ಲಿ ಕೋರಂಗಾಲ ಮತ್ತು ತೋರ, 2020ರಲ್ಲಿ ತಲಕಾವೇರಿಯ ಬೆಟ್ಟ, 2024ರ ಜುಲೈ 30ರಂದು ಗಡಿಯಾಚೆಯ ವಯನಾಡಿನ ಮುಂಡಕೈ ಮತ್ತು ಚೂರಲ್‌ಮಲೆ. ವಯನಾಡೊಂದರಲ್ಲೇ ಇನ್ನೂರಕ್ಕೂ ಹೆಚ್ಚು ಜೀವಗಳು ಹೋದವು. ಮಳೆಗಾಲದ ಅಪಾಯವನ್ನು ಹೊರುವವನು ವರ್ಷವಿಡೀ ಇರುವವನು. ಬೇಸಿಗೆಯ ಲಾಭವನ್ನು ಎಣಿಸುವವನು ಎಷ್ಟೋ ಬಾರಿ ಬೇರೆಯೇ ಊರಿನಲ್ಲಿರುತ್ತಾನೆ.

ಹಣಕಾಸಿನ ಏರ್ಪಾಡೂ ಇದಕ್ಕೆ ತಕ್ಕಂತೆಯೇ ಇದೆ. 2011ರ ಜನಗಣತಿಯ ಪ್ರಕಾರ ಕೊಡಗಿನ ಜನಸಂಖ್ಯೆ ಸುಮಾರು ಐದೂವರೆ ಲಕ್ಷ. ಹದಿನೈದನೆಯ ಹಣಕಾಸು ಆಯೋಗವು ಗ್ರಾಮೀಣ ಸ್ಥಳೀಯ ಸಂಸ್ಥೆಗಳ ಅನುದಾನವನ್ನು ರಾಜ್ಯಗಳ ನಡುವೆ ಹಂಚುವಾಗ ಜನಸಂಖ್ಯೆಗೆ ಶೇಕಡಾ 90, ವಿಸ್ತೀರ್ಣಕ್ಕೆ ಶೇಕಡಾ 10 ತೂಕ ಕೊಟ್ಟಿತು. ಗಣತಿಯಲ್ಲಿ ಎಣಿಕೆಯಾಗುವುದು ನಿವಾಸಿ. ಕಸದ ಗಾಡಿ, ಬೀದಿದೀಪ, ಕುಡಿಯುವ ನೀರಿನ ಮೋಟಾರು, ಮಾಂದಲ್‌ಪಟ್ಟಿಯಂಥ ಕಡೆಗೆ ಜೀಪುಗಳು ಕಿತ್ತುಹಾಕುವ ರಸ್ತೆ ಇವೆಲ್ಲವನ್ನೂ ಬಳಸುವವರಲ್ಲಿ ಎಣಿಕೆಯಾಗದವರು ಬಹುಮಂದಿ. ಹೀಗೆ ಗ್ರಾಮ ಪಂಚಾಯತಿಯು ನಿವಾಸಿಗಳ ಲೆಕ್ಕದಲ್ಲಿ ಹಣ ಪಡೆದು, ಅತಿಥಿಗಳ ಲೆಕ್ಕದಲ್ಲಿ ಕಸ ಎತ್ತಬೇಕಾಗಿದೆ.

ಕಸ್ತೂರಿರಂಗನ್ ವರದಿಯ ವಿರುದ್ಧ ನಡೆದ ಕೂಗಾಟವನ್ನು ಈ ಬೆಳಕಿನಲ್ಲಿ ಮತ್ತೊಮ್ಮೆ ನೋಡಬೇಕು. 2013ರ ಆ ವರದಿಯು ಸೂಕ್ಷ್ಮ ಪ್ರದೇಶದಲ್ಲಿ ನಿಷೇಧಿಸಲು ಹೇಳಿದ್ದು ಗಣಿಗಾರಿಕೆ, ಕೆಂಪು ವರ್ಗದ ಕೈಗಾರಿಕೆ, 20,000 ಚದರ ಮೀಟರಿಗಿಂತ ದೊಡ್ಡ ಕಟ್ಟಡ, ಇಂಥವುಗಳನ್ನು. ಇಪ್ಪತ್ತು ಸಾವಿರ ಚದರ ಮೀಟರಿನ ಮನೆ ಯಾವ ಕೃಷಿಕನಿಗೆ ಬೇಕು? ಆದರೂ ‘ನಿಮ್ಮ ತೋಟ ಹೋಗುತ್ತದೆ’ ಎಂಬ ಭಯವನ್ನು ಸಣ್ಣ ಹಿಡುವಳಿದಾರರಲ್ಲಿ ಬಿತ್ತಲಾಯಿತು. ಅವರ ಬೆನ್ನ ಹಿಂದೆ ನಿಂತು ನಿಟ್ಟುಸಿರುಬಿಟ್ಟವರು ಬೇರೆಯವರು. 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟ ಆ ವರದಿಯನ್ನು ತಿರಸ್ಕರಿಸಿತು. ವರದಿಯಲ್ಲಿ ದೋಷಗಳಿದ್ದವು, ಗ್ರಾಮಸಭೆಗಳ ಮಾತು ಕೇಳದೆ ಗ್ರಾಮಗಳ ಪಟ್ಟಿ ಮಾಡಿದ್ದು ಅದರ ದೊಡ್ಡ ಕೊರತೆ. ತಿದ್ದಬೇಕಾದುದನ್ನು ಎಸೆದದ್ದರಿಂದ ಯಾರಿಗೆ ಅನುಕೂಲವಾಯಿತೆಂಬುದು ಮಾತ್ರ ಬಿಡಿಸಿ ಹೇಳಬೇಕಾದ ವಿಷಯವಲ್ಲ.

ಬೇರೆಡೆ ಏನು ನಡೆದಿದೆ? ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ ತಿಂಗಳಿನಿಂದ ಊಟಿ ಮತ್ತು ಕೊಡೈಕನಾಲಿಗೆ ಇ-ಪಾಸ್ ಬಂದಿತು. 2025ರ ಏಪ್ರಿಲ್‌ನಿಂದ ನೀಲಗಿರಿಗೆ ವಾರದ ದಿನಗಳಲ್ಲಿ 6,000, ವಾರಾಂತ್ಯದಲ್ಲಿ 8,000 ವಾಹನಗಳ ಮಿತಿಯನ್ನು ನ್ಯಾಯಾಲಯ ವಿಧಿಸಿತು. 2024ರ ಜನವರಿಯಲ್ಲಿ ಕುಮಾರಪರ್ವತದ ದಾರಿಯಲ್ಲಿ ಜಾತ್ರೆಯಂತೆ ಜನ ನೆರೆದ ಮೇಲೆ ಅರಣ್ಯ ಇಲಾಖೆ ಚಾರಣಕ್ಕೆ ಮುಂಗಡ ನೋಂದಣಿಯನ್ನು ಕಡ್ಡಾಯ ಮಾಡಿತು. 2025ರ ಸೆಪ್ಟೆಂಬರಿನಲ್ಲಿ ಮುಳ್ಳಯ್ಯನಗಿರಿಯ ವಾಹನಗಳಿಗೂ ಅಂಥದೇ ಮಿತಿ ಬಂದಿತು. ಇವೆಲ್ಲ ಬೇಕು. ಆದರೆ ಇವು ಎಣಿಸುವುದು ಚಕ್ರಗಳನ್ನು, ಕಟ್ಟಡಗಳನ್ನಲ್ಲ. ಆಲ್ಪ್ಸ್ ಸೀಮೆಯ ಸ್ವಿಟ್ಜರ್ಲೆಂಡಿನ ಮತದಾರರು 2012ರಲ್ಲಿ ಬೇರೆ ದಾರಿ ಹಿಡಿದರು. ಯಾವುದೇ ಪುರಸಭೆಯಲ್ಲಿ ಎರಡನೆಯ ಮನೆಗಳ ಪಾಲು ಶೇಕಡಾ 20ನ್ನು ಮೀರಕೂಡದೆಂದು ಜನಮತದಿಂದಲೇ ತೀರ್ಮಾನಿಸಿದರು. ಪ್ರವಾಸೋದ್ಯಮಕ್ಕೆ ಹೆಸರಾದ ದೇಶವೊಂದು ಇದನ್ನು ಮಾಡಿತೆಂಬುದನ್ನು, ‘ಮಿತಿ ಹೇರಿದರೆ ಜಿಲ್ಲೆ ಮುಳುಗುತ್ತದೆ’ ಎನ್ನುವವರು ಗಮನಿಸಬೇಕು.

ಬರುವವರಿಗೂ ಒಂದು ಮಾತು. 2024ರ ಅಕ್ಟೋಬರಿನಲ್ಲಿ ಕಾವೇರಿ ಐದನೆಯ ಹಂತ ಉದ್ಘಾಟನೆಯಾಗಿ ಬೆಂಗಳೂರಿಗೆ ದಿನಕ್ಕೆ ಇನ್ನೂ 775 ದಶಲಕ್ಷ ಲೀಟರ್ ನೀರು ಒಯ್ಯುವ ವ್ಯವಸ್ಥೆಯಾಯಿತು. ನಮ್ಮ ತೋಡಿಗೆ ನೀವು ಬಿಡುವುದು ಸ್ವಲ್ಪ ತಡವಾಗಿಯಾದರೂ ನಿಮ್ಮ ಊರಿನ ದಾರಿಯನ್ನೇ ಹಿಡಿಯುತ್ತದೆ. ಆದ್ದರಿಂದ ಕೋಣೆ ಕಾದಿರಿಸುವಾಗ ಬೆಲೆ ಕೇಳುವಂತೆಯೇ, ಮಾಲೀಕರು ಅಲ್ಲಿ ವಾಸವಿದ್ದಾರೆಯೇ, ಕೊಳಚೆ ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳಿ. ಕೇಳುವವರು ಹೆಚ್ಚಿದರೆ ಉತ್ತರಗಳೂ ಬದಲಾಗುತ್ತವೆ.

ನಮ್ಮ ಕೈಯಲ್ಲಿರುವುದು ಗ್ರಾಮಸಭೆ. ಪ್ರತಿ ಗ್ರಾಮದಲ್ಲಿ ಎಷ್ಟು ಹಾಸಿಗೆಗಳಿವೆ, ಎಷ್ಟು ಕೊಳವೆಬಾವಿಗಳಿವೆ, ವರ್ಷದ ಬಹುಪಾಲು ಬೀಗ ಹಾಕಿರುವ ಮನೆಗಳೆಷ್ಟು ಎಂಬ ಪಟ್ಟಿಯನ್ನು ಮುಂದಿನ ಬೇಸಿಗೆಯೊಳಗೆ ನಾವೇ ತಯಾರಿಸಬಹುದು, ಅದಕ್ಕೆ ಯಾವ ಇಲಾಖೆಯ ಅಪ್ಪಣೆಯೂ ಬೇಕಿಲ್ಲ. ಮಾಲೀಕರು ವಾಸವಿಲ್ಲದ ಕಟ್ಟಡಕ್ಕೆ ಹೋಂಸ್ಟೇ ನೋಂದಣಿ ನವೀಕರಿಸಬಾರದೆಂದು ನಿರ್ಣಯ ಮಾಡಿ ಪ್ರವಾಸೋದ್ಯಮ ಇಲಾಖೆಗೆ ಕಳಿಸಬಹುದು. ಗದ್ದೆಯ ಭೂಪರಿವರ್ತನೆಯ ಅರ್ಜಿ ಬಂದಾಗ, ಆ ಗದ್ದೆಯ ಕೆಳಗಿನ ಬಾವಿಗಳ ಒಡೆಯರನ್ನು ಕರೆದು ಕೇಳಬೇಕೆಂದು ಒತ್ತಾಯಿಸಬಹುದು. ಗದ್ದೆ ಮಾಡುವವನಿಗೆ ಅವನು ಹಿಡಿದಿಡುವ ನೀರಿಗಾಗಿ ಎಕರೆವಾರು ಸಹಾಯಧನ ಬೇಕೆಂಬ ಬೇಡಿಕೆಯನ್ನು ಕಾವೇರಿ ನೀರು ಕುಡಿಯುವ ನಗರಗಳ ಮುಂದಿಡಬೇಕು. ಪಟ್ಟಿಯ ನಮೂನೆಯೊಂದನ್ನು ಸಿದ್ಧಪಡಿಸುವ ಕೆಲಸಕ್ಕೆ ಈ ಲೇಖಕ ಸಿದ್ಧನಿದ್ದಾನೆ. ಆಸಕ್ತ ಗ್ರಾಮಗಳವರು ಬಳಗದ ಮುಂದಿನ ಮಾಸಿಕ ಸಭೆಗೆ ತಮ್ಮ ಪಂಚಾಯತಿಯ ಮನೆಕಂದಾಯದ ಪಟ್ಟಿಯ ಪ್ರತಿಯೊಂದಿಗೆ ಬರಬೇಕೆಂದು ಕೋರಿಕೆ.